ಓದುವವನ ಪಾಲು

ಯುದ್ಧ ಮುಗಿಯಿತೆಂದು ನಮಗೆ ಹೇಳಿದ್ದು
ಸೀಮೆಎಣ್ಣೆ.
ಕುಂಬಳೆ ಪೇಟೆಯಲ್ಲಿ ಅರ್ಧ ಕುಪ್ಪಿಯ ಬದಲು
ಇಡೀ ಕುಪ್ಪಿ ಸಿಕ್ಕಿದ ದಿನ
ಬೀಡಿ ಕೊಟ್ಟಿಗೆಯ ದೀಪ ಒಂದು ಗಂಟೆ ಹೆಚ್ಚು ಉರಿಯಿತು.
ಅಕ್ಕಿ ಮಾತ್ರ ಇನ್ನೂ ಯುದ್ಧದಲ್ಲೇ ಇತ್ತು.

ನಾನಾಗ ನೂಲು ಸುತ್ತುವ ಹುಡುಗ.
ಹತ್ತು ವರ್ಷವೋ ಹನ್ನೊಂದೋ, ಬರೆದಿಟ್ಟವರಿಲ್ಲ.
ನೆನೆಸಿದ ಎಲೆಯ ವಾಸನೆ, ಹೊಗೆಸೊಪ್ಪಿನ ಸೀನು,
ತಗಡಿನ ಅಚ್ಚಿನ ಸುತ್ತ ಕತ್ತರಿಯ ಕಿಚಕಿಚ,
ಹದಿನಾರು ಮಡಿಲು, ಹದಿನಾರು ತಡ್ಪೆ,
ಗೋಡೆ ಬದಿ ಕವುಚಿಟ್ಟ ಇನ್ನೊಂದು.

ಆ ಇನ್ನೊಂದರ ದೂಮಪ್ಪಣ್ಣ ಬರ್ಮಾದಿಂದ ಬಂದದ್ದು
ಮಧ್ಯಾಹ್ನದ ರೈಲಿನಲ್ಲಿ.
ಬಲಗೈಯಲ್ಲಿ ಹೆಬ್ಬೆರಳು ಒಂದೇ.
ಹೋಗುವಾಗ ದಿನಕ್ಕೆ ಸಾವಿರದಿನ್ನೂರು ಕಟ್ಟಿದ ಕೈ.
ಹಳೆಯ ಜಾಗದಲ್ಲಿ ಕೂತ, ತಡ್ಪೆ ಎಳೆದುಕೊಂಡ,
ಎಲೆಯೊಂದನ್ನು ಎಡಗೈಯಲ್ಲಿ ಹಿಡಿದು
ಬಹಳ ಹೊತ್ತು ನೋಡಿದ.
ಯಾರೂ ತಲೆಯೆತ್ತಲಿಲ್ಲ. ಎತ್ತಬಾರದೆಂದು
ಯಾರೂ ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ಸಂಘದ ಸಭೆ.
ಸಂಘ ಅಂದರೆ ಏನು ಮಹಾ! ಒಂದು ತಗಡಿನ ಡಬ್ಬಿ,
ಒಂದು ನಡಾವಳಿ ಪುಸ್ತಕ,
ವಾಂತಿಭೇದಿಯ ವರ್ಷ ಹೊರಲು ಜನ ಸಾಲದೆ
ಯಾರ ಹೆಣವೆಂದು ಕೇಳದೆ ಹೆಗಲು ಕೊಟ್ಟವರು.

ಮೊಯ್ದುಕುಂಞಿ ಎದ್ದು ನಿಂತ:
"ಬೆರಳು ಹೋದರೂ ಕಣ್ಣುಂಟಲ್ಲ. ಪಟಾಳದಲ್ಲಿ ಅಕ್ಷರ ಕಲಿತದ್ದೂ ಉಂಟು.
ಇವ ಓದಲಿ, ನಾವು ಕಟ್ಟುವ.
ತಲೆಗೆ ಐವತ್ತು ಬೀಡಿ ಇವನ ಪಾಲು."
ಅಂಬಾಡಿ ತಕರಾರು ತೆಗೆದ: ಮಗಳ ಮದುವೆ ಉಂಟು, ಐವತ್ತು ಹೆಚ್ಚು.
ಕೋಳಿ ಕೂಗುವ ತನಕ ಜಗಳ.
ನಲವತ್ತೆಂದು ತೀರ್ಮಾನ.

ಅದನ್ನು ಬರೆಯುವುದು ಯಾವ ಭಾಷೆಯಲ್ಲಿ?
ತುಳುವಿನಲ್ಲಿ ಬೈದರು, ಮಲಯಾಳದಲ್ಲಿ ಮರುಬೈದರು,
ಕೊನೆಗೆ, ಪೆನ್ಸಿಲು ಯಾರ ಕೈಯಲ್ಲೋ ಅವನ ಅಕ್ಷರ.
ಪುಸ್ತಕ ಈಗಲೂ ನನ್ನ ಪೆಟ್ಟಿಗೆಯಲ್ಲುಂಟು:
ಒಂದು ಪುಟ ಕನ್ನಡ, ಮಗುಚಿದರೆ ಮಲಯಾಳ,
ಎರಡರ ಮೇಲೂ ಅದೇ ಕಂದು ಹುಡಿ.

ಮಂಗಳೂರಿನ ಪತ್ರಿಕೆ ಒಂದು ದಿನ ಹಳತಾಗಿ ರೈಲಿಳಿಯುತ್ತಿತ್ತು.
ಮುರುಕು ಸ್ಟೂಲಿನಲ್ಲಿ ಕೂತು ದೂಮಪ್ಪಣ್ಣ ಓದುತ್ತಿದ್ದ:
ರೇಷನ್ನು, ಮುಷ್ಕರ, ಮುಳುಗಿದ ಹಡಗು,
ಕಳೆದುಹೋದ ಎಮ್ಮೆಯ ಜಾಹೀರಾತು.
ಬರ್ಮಾ ಎಂದು ಬಂದರೆ ಪುಟ ಮಗುಚುತ್ತಿದ್ದ.
ಸಾಲು ನಡುವೆ ತುಂಡಾದದ್ದು ನಮಗೆ ಗೊತ್ತಾಗುತ್ತಿತ್ತು;
ಕತ್ತರಿಗಳೂ ಅಷ್ಟು ಹೊತ್ತು ಸುಮ್ಮನಿರುತ್ತಿದ್ದವು.

ಕೇಳಿ ಕೇಳಿ ಬಾಯಿ ಬಂತು.
ರೇಷನ್ ಅಂಗಡಿಯ ಸೇರಿನ ತಳದಲ್ಲಿ ಮೇಣ ಮೆತ್ತಿದೆಯೆಂದು
ಅರ್ಜಿ ಹೋಯಿತು. ಕೆಳಗೆ ಹದಿನೇಳು ಗುರುತು.
ಓದಬಲ್ಲವನೇ ಹೆಬ್ಬೆಟ್ಟೊತ್ತಿದ,
ಉಳಿದದ್ದು ಅದೇ ತಾನೆ ಎಂದು ನಕ್ಕ.
ಅಮಲ್ದಾರ ಬಂದು ಸೇರು ಕವುಚಿ ಬಡಿದರೆ
ಬಿದ್ದಿತು ಮೇಣ, ದೋಸೆಯ ಹಾಗೆ ದುಂಡಗೆ.

ಶನಿವಾರ, ಮನೆಯಲ್ಲಿ ಕಟ್ಟಿದ್ದನ್ನು ತಂದು
ಕಿಟಕಿಯ ಹೊರಗೆ ನಿಲ್ಲುವ ಹೆಂಗಸರ ಸಾಲಿನಿಂದ
ಉಮ್ಮಾಲಿ ಕೇಳಿದಳು:
"ನಾವು ಕಟ್ಟುವುದೂ ಇದೇ ಎಲೆ.
ನಮಗೆ ಓದುವವ ಯಾರು?"
ಸಭೆ ಕೂತಿತು. ಪರ ಎಂಟು, ವಿರುದ್ಧ ಒಂಬತ್ತು.
ಸೋತಿತೆಂದು ಬರೆಯಲು ಯಾರಿಗೋ ನಾಚಿಕೆ;
"ಮುಂದಿನ ಸಭೆಗೆ" ಎಂದು ಬರೆದರು.

ಮರುದಿನ ದೂಮಪ್ಪಣ್ಣ ಏನೂ ಹೇಳದೆ
ಸ್ಟೂಲನ್ನು ಕಿಟಕಿಗೆ ಎಳೆದ. ಸ್ವರ ಏರಿಸಿದ.
ಒಳಗಿದ್ದ ನಾವು ಕೇಳಿದ್ದು ಅವನ ಬೆನ್ನನ್ನು.

ಮುಂದಿನ ಶನಿವಾರ ಕಿಟಕಿಯ ದಂಡೆಯ ಮೇಲೆ
ಎಣಿಸಿಟ್ಟಳು ಉಮ್ಮಾಲಿ, ನಲವತ್ತು.
"ಬರಿ" ಎಂದ ದೂಮಪ್ಪಣ್ಣ, ಪೆನ್ಸಿಲನ್ನು ನನ್ನ ಕೈಗಿಟ್ಟು.
ಹೊಗೆಸೊಪ್ಪಿನ ಹುಡಿಯ ಮೇಲೆ ಆ ಹೆಬ್ಬೆರಳಿನಿಂದ
ಅವನು ಗೀಚಿ ಕಲಿಸಿದ್ದಷ್ಟೇ ನನ್ನ ಶಾಲೆ.
ಉ ಬರುತ್ತಿತ್ತು. ಲಿ ಬರುತ್ತಿತ್ತು.
ಒತ್ತಕ್ಷರ ಇನ್ನೂ ಆಗಿರಲಿಲ್ಲ.

ಪುಸ್ತಕದಲ್ಲಿ ಅವಳು ಈಗಲೂ
ಉಮಾಲಿ.